ಮಠದ ವಿದ್ಯಾರ್ಥಿನಿಲಯಕ್ಕೆ ಸರ್ಕಾರದ ಅನುದಾನ: ನಮ್ಮ ತೆರಿಗೆ ಧರ್ಮಕ್ಕೆ ಹೋಯಿತೇ?

ಪ್ರಶ್ನೆ: ನಮ್ಮ ಕಡೆ ಮಠಗಳು ನಡೆಸುವ ಶಾಲೆ ಮತ್ತು ಉಚಿತ ವಿದ್ಯಾರ್ಥಿನಿಲಯಗಳಿಗೆ ಸರ್ಕಾರ ಅನುದಾನ ಕೊಡುತ್ತದೆ. ಸರ್ಕಾರಕ್ಕೆ ತನ್ನದೆಂಬ ಧರ್ಮವಿಲ್ಲ ಎಂದಮೇಲೆ, ಎಲ್ಲರ ತೆರಿಗೆಯ ಹಣವನ್ನು ಒಂದು ಧಾರ್ಮಿಕ ಸಂಸ್ಥೆಯ ಕೈಗೆ ಕೊಡುವುದು ಸರಿಯೇ? – ಓದುಗರು, ದಾವಣಗೆರೆ

ಉತ್ತರ: ಈ ಪ್ರಶ್ನೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬರುವುದು ಸಹಜವೇ. ಸಿರಿಗೆರೆಯಿಂದ ಹರಿಹರದವರೆಗೆ ಯಾವ ಹಳ್ಳಿಗೆ ಹೋದರೂ ಮಠದ ಪ್ರಸಾದ ನಿಲಯದಲ್ಲಿ ಉಂಡು, ಮಠದ ಶಾಲೆಯಲ್ಲಿ ಓದಿ ನೌಕರಿ ಹಿಡಿದವರು ಒಬ್ಬರಾದರೂ ಸಿಗುತ್ತಾರೆ. ಆ ಋಣದ ಭಾವನೆಯಿಂದಾಗಿ ಲೆಕ್ಕ ಕೇಳುವುದೇ ತಪ್ಪೇನೋ ಎಂದು ಅನೇಕರು ಸುಮ್ಮನಾಗುತ್ತಾರೆ. ಕೇಳುವುದು ತಪ್ಪಲ್ಲ, ಯಾವುದನ್ನು ಕೇಳಬೇಕು ಎಂಬುದು ಮಾತ್ರ ಸ್ಪಷ್ಟವಾಗಿರಬೇಕು.

ಮೊದಲು ಕಾನೂನಿನ ಮಾತು. ಒಂದು ನಿರ್ದಿಷ್ಟ ಧರ್ಮದ ಪ್ರಚಾರಕ್ಕೆ ಅಥವಾ ಪೋಷಣೆಗೆಂದೇ ವಿನಿಯೋಗಿಸುವ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 27ನೇ ವಿಧಿ. ಇದು ಧರ್ಮಕ್ಕೆ ಹಾಕಿದ ಕಟ್ಟು. ಧಾರ್ಮಿಕ ಸಂಸ್ಥೆಯೊಂದು ಅನ್ನ ಹಾಕಿದರೆ, ಪಾಠ ಹೇಳಿದರೆ, ಆ ಅನ್ನಕ್ಕೂ ಪಾಠಕ್ಕೂ ನೆರವಾಗಬಾರದೆಂದು ಈ ವಿಧಿ ಹೇಳುವುದಿಲ್ಲ. ಹಜ್ ಸಬ್ಸಿಡಿಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ತೆರಿಗೆಯ ಗಣನೀಯ ಭಾಗವನ್ನು ಒಂದು ಧರ್ಮಕ್ಕಾಗಿ ಬಳಸಿದಾಗ ಮಾತ್ರ 27ನೇ ವಿಧಿಯ ಉಲ್ಲಂಘನೆಯಾಗುತ್ತದೆ ಎಂದು ಹೇಳಿ ಆ ಅರ್ಜಿಯನ್ನು ತಳ್ಳಿಹಾಕಿತು. ಚರ್ಚಿನ ಶಾಲೆಯಾಗಲಿ ಮುಸ್ಲಿಂ ಸಂಸ್ಥೆಯ ಶಾಲೆಯಾಗಲಿ, ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಅನುದಾನದಲ್ಲಿ ತಾರತಮ್ಯ ಮಾಡಬಾರದೆಂದು 30ನೇ ವಿಧಿ ಹೇಳುತ್ತದೆ. ಆದ್ದರಿಂದ ಮಠಕ್ಕೊಂದು ನ್ಯಾಯ, ಮಿಷನ್ನಿಗೊಂದು ನ್ಯಾಯ ಎನ್ನಲು ಅವಕಾಶವಿಲ್ಲ.

ಆದರೆ ಹಣದ ಹಿಂದೆ ಷರತ್ತುಗಳು ಬರುತ್ತವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಓದುಗರು ಗಮನಿಸಬೇಕಾದದ್ದು ಇವುಗಳನ್ನೇ. ಅನುದಾನ ಪಡೆಯುವ ಶಿಕ್ಷಣ ಸಂಸ್ಥೆಯು ಧರ್ಮ, ಜಾತಿ, ಭಾಷೆಗಳ ಕಾರಣ ಮಾತ್ರದಿಂದ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ; ಇದು 29ನೇ ವಿಧಿ. ಅಲ್ಲಿನ ಧಾರ್ಮಿಕ ಬೋಧನೆಗಾಗಲಿ ಪೂಜೆ, ಪ್ರಾರ್ಥನೆಗಾಗಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಕೂರಿಸುವಂತಿಲ್ಲ, ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ 28ನೇ ವಿಧಿ. ಸಂಸ್ಥೆಗೆ ಹೊಂದಿಕೊಂಡ ಆವರಣದಲ್ಲಿ ನಡೆಯುವ ಪೂಜೆಗೂ ಇದೇ ನಿಯಮವೆಂದು ಆ ವಿಧಿಯಲ್ಲೇ ಇರುವುದರಿಂದ, ಶಾಲೆಯ ಪಕ್ಕದ ವಿದ್ಯಾರ್ಥಿನಿಲಯದ ಸಂಜೆ ಪ್ರಾರ್ಥನೆಯೂ ಇದರಿಂದ ಹೊರಗುಳಿಯುವುದಿಲ್ಲ.

ಹಣ ಹೋಗುವ ದಾರಿಗಳು ಹಲವು. ಅನುದಾನಿತ ಶಾಲೆಯಲ್ಲಿ ಅದು ಮುಖ್ಯವಾಗಿ ಮಂಜೂರಾದ ಹುದ್ದೆಯ ಶಿಕ್ಷಕರ ಸಂಬಳ. ಮಧ್ಯಾಹ್ನದ ಬಿಸಿಯೂಟವೂ ಅನುದಾನಿತ ಶಾಲೆಯ ಮಕ್ಕಳಿಗೆ ಸಿಗುತ್ತದೆ. ಅನುದಾನಿತ ಖಾಸಗಿ ವಿದ್ಯಾರ್ಥಿನಿಲಯಗಳಿಗೆ ಸಂಬಂಧಪಟ್ಟ ಇಲಾಖೆ ಮಂಜೂರಾದ ಮಕ್ಕಳ ಸಂಖ್ಯೆಗೆ ತಕ್ಕಂತೆ ಭೋಜನ ವೆಚ್ಚ ಕೊಡುತ್ತದೆ. ಇನ್ನೊಂದು ದಾರಿ ಕಣ್ಣಿಗೆ ಬೀಳುವುದು ಕಡಿಮೆ: ಸಂಸ್ಥೆಗೆ ದಾನ ಕೊಟ್ಟವರಿಗೆ ಸಿಗುವ, 80ಜಿ ರಸೀದಿ ಎಂದು ನಾವು ಕರೆಯುವ ತೆರಿಗೆ ವಿನಾಯಿತಿ. ದಾನಿ ಉಳಿಸಿಕೊಂಡ ತೆರಿಗೆ ಸರ್ಕಾರಕ್ಕೆ ಬರಬೇಕಾಗಿದ್ದ ಹಣವೇ ಆದ್ದರಿಂದ ಅದೂ ಸಾರ್ವಜನಿಕ ನೆರವೇ.

ಕೆಲವು ವರ್ಷಗಳ ಹಿಂದೆ ಚಿತ್ರದುರ್ಗ ಜಿಲ್ಲೆಯ ಇಂಥದೊಂದು ವಿದ್ಯಾರ್ಥಿನಿಲಯದ ಉಗ್ರಾಣದಲ್ಲಿ ನಾನು ಅರ್ಧ ದಿನ ಕುಳಿತಿದ್ದೆ. ಗೋಡೆಗೆ ಒರಗಿಸಿದ ಅಕ್ಕಿ ಚೀಲ, ಪಕ್ಕದಲ್ಲಿ ತಕ್ಕಡಿ, ಮೊಳೆಗೆ ದಾರ ಕಟ್ಟಿ ನೇತುಹಾಕಿದ ಉದ್ದನೆಯ ದಾಸ್ತಾನು ಪುಸ್ತಕ. ಅಡುಗೆಯವರು ಬಂದಾಗ ವಾರ್ಡನ್ ಮೊದಲು ಹಾಜರಿ ಪುಸ್ತಕ ತೆಗೆದು ಅಂದು ಎಷ್ಟು ಮಕ್ಕಳಿದ್ದಾರೆಂದು ಎಣಿಸಿ, ಆಮೇಲೆ ಅಕ್ಕಿ ತೂಗಿಸಿ, ಆರಂಭದ ಶಿಲ್ಕು, ಖರ್ಚು, ಉಳಿಕೆ ಎಂಬ ಮೂರು ಕಾಲಂ ತುಂಬಿ ಸಹಿ ಹಾಕಿದರು. ಹಬ್ಬಕ್ಕೆ ಊರಿಗೆ ಹೋದ ಹುಡುಗರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರುಹಾಜರಿ ಗುರುತಿತ್ತು, ಅವರ ಪಾಲಿನ ಅಕ್ಕಿ ಚೀಲದಲ್ಲೇ ಉಳಿದಿತ್ತು. ಸರ್ಕಾರದ ನೆರವು ಹೇಗಿರಬೇಕೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಪುಟ. ಅಲ್ಲಿ ಹಣ ಪೀಠದ ಹೆಸರಿಗಲ್ಲದೆ, ಪಂಕ್ತಿಯಲ್ಲಿ ಕುಳಿತ ಮಗುವಿನ ಹೆಸರಿಗೆ ಬರೆಯಲ್ಪಟ್ಟಿತ್ತು.

ನಿಮ್ಮ ಅನುಮಾನಕ್ಕೆ ನಿಜವಾದ ಬಲವಿರುವುದು ಇಡಿಗಂಟಿನ ಅನುದಾನದ ವಿಷಯದಲ್ಲಿ. 2008ರ ನಂತರದ ವರ್ಷಗಳಲ್ಲಿ ರಾಜ್ಯದ ಬಜೆಟ್‌ಗಳಲ್ಲಿ ಮಠಗಳ ಹೆಸರು ಹೇಳಿಯೇ ಕೋಟಿಗಳ ಲೆಕ್ಕದಲ್ಲಿ ಹಣ ಘೋಷಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಎಷ್ಟು ಮಕ್ಕಳಿಗೆ, ಯಾವ ಕೆಲಸಕ್ಕೆ ಎಂಬ ಅಳತೆಯಿಲ್ಲದೆ ಕೊಟ್ಟ ಹಣ ಸಮುದಾಯವೊಂದನ್ನು ಓಲೈಸುವ ಹಣವಾಗಿಬಿಡುತ್ತದೆ, ಮತ್ತು ಬೆನ್ನ ಹಿಂದೆ ದೊಡ್ಡ ಸಮುದಾಯವಿಲ್ಲದ ಸಣ್ಣ ಸಂಸ್ಥೆ ಎಷ್ಟು ಒಳ್ಳೆಯ ಕೆಲಸ ಮಾಡಿದರೂ ಆ ಪಟ್ಟಿಗೆ ಸೇರುವುದಿಲ್ಲ. ಇದನ್ನು ನಾನು ಒಪ್ಪಲಾರೆ.

ಮಠ ಮತ್ತು ಸರ್ಕಾರ ಒಂದು ರೂಪಾಯಿಯೂ ಕೈಬದಲಾಗದೆ ಜೊತೆಗೂಡಬಹುದು ಎಂಬುದಕ್ಕೆ ಭರಮಸಾಗರದ ಕೆರೆಯೇ ಸಾಕ್ಷಿ. ಹರಿಹರದ ಬಳಿಯ ತುಂಗಭದ್ರೆಯಿಂದ ಆ ಕೆರೆಗೆ ನೀರು ತರಲು ಸಿರಿಗೆರೆಯ ತರಳಬಾಳು ಮಠದ ಶ್ರೀಗಳು ಬೆನ್ನುಹತ್ತಿ ಒತ್ತಾಯಿಸಿದರು. ಹಣ ಹಾಕಿದ್ದು, ಪೈಪ್ ಹೂಳಿಸಿದ್ದು ನೀರಾವರಿ ಇಲಾಖೆ.

ದೇವಸ್ಥಾನದ ಹಣವನ್ನು ಇದರೊಂದಿಗೆ ಬೆರೆಸಬಾರದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ದೇವಸ್ಥಾನದಂಥವು ಮುಜರಾಯಿ ಇಲಾಖೆಗೆ ಸೇರಿವೆ. ಅವುಗಳ ಹುಂಡಿಯ ಲೆಕ್ಕ 1997ರ ಧಾರ್ಮಿಕ ದತ್ತಿ ಕಾಯ್ದೆಯಡಿ ಇಲಾಖೆಯ ಮುಂದಿರುತ್ತದೆ. ಮಠಗಳು ಆ ಕಾಯ್ದೆಯ ಹೊರಗಿವೆ.

ಹಾಗಾದರೆ ಮಠದ ಸಂಸ್ಥೆಯ ಲೆಕ್ಕ ಸಿಗುವುದಿಲ್ಲವೇ? ಸಿಗುತ್ತದೆ. ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಸಂಸ್ಥೆಯೂ ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅದಕ್ಕೂ ಸುಲಭದ ದಾರಿಯೆಂದರೆ ಅನುದಾನ ಕೊಟ್ಟ ಇಲಾಖೆಯ ಜಿಲ್ಲಾ ಕಚೇರಿಗೇ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕುವುದು. ಮಂಜೂರಾದ ಮಕ್ಕಳ ಸಂಖ್ಯೆ, ಬಿಡುಗಡೆಯಾದ ಮೊತ್ತ, ಹಣ ಬಳಕೆ ಪ್ರಮಾಣಪತ್ರದ ನಕಲು, ಕೊನೆಯ ತಪಾಸಣೆಯ ವರದಿ ಇವಿಷ್ಟನ್ನು ಒಂದೇ ಸಂಸ್ಥೆಗೆ, ಒಂದೇ ವರ್ಷಕ್ಕೆ ಸೀಮಿತಗೊಳಿಸಿ ಕೇಳಿ. 30 ದಿನಗಳೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ.