ಐದು ರಿಪೋರ್ಟು, ಆರನೆಯದರ ಆಸೆ

ಒಳಗೆ ಬಂದವನು ಮೊದಲು ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ತಿರುಗಿ ನೋಡಿದ. ಆಮೇಲೆ ಕವರಿನಿಂದ ಐದು ಲ್ಯಾಬ್ ರಿಪೋರ್ಟು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಐದೂ ಎಚ್‌ಐವಿ ನೆಗೆಟಿವ್. "ಸಾರ್, ಇನ್ನೊಂದ್ ಸಲ ಮಾಡಿಸ್ಲಾ?"

ನಡೆದದ್ದು ಎಂಟು ತಿಂಗಳ ಹಿಂದೆ. ಪರಿಚಯವಿಲ್ಲದ ಹೆಂಗಸಿನ ಜೊತೆ ಮುತ್ತು, ಅಪ್ಪುಗೆ, ಕೈಯಿಂದ ಗುಪ್ತಾಂಗ ಮುಟ್ಟಿದ್ದು. ಸಂಭೋಗ ಆಗಿಲ್ಲ. ಇಂಥವರು ವೈದ್ಯನಾದ ನನ್ನ ಬಳಿ ಆಗಾಗ ಬರುತ್ತಾರೆ.

ಎಚ್‌ಐವಿ ಹರಡಲು ಎರಡು ಸಂಗತಿ ಕೂಡಿ ಬರಬೇಕು. ರಕ್ತ, ವೀರ್ಯ, ಯೋನಿ ಅಥವಾ ಗುದದ್ವಾರದ ಸ್ರಾವ, ಎದೆಹಾಲು ಇವುಗಳಲ್ಲೊಂದು ಇರಬೇಕು. ಅದು ಬಾಯಿ, ಜನನಾಂಗ, ಗುದದ್ವಾರದ ಒಳಪೊರೆಗೋ ಹಸಿ ಗಾಯಕ್ಕೋ ನೇರ ರಕ್ತಕ್ಕೋ ತಲುಪಬೇಕು. ಎಂಜಲು, ಬೆವರು, ಕಣ್ಣೀರಿನಿಂದ ಹರಡುವುದಿಲ್ಲ. ಕೈಗೆ ಅಂಟಿದ ಸ್ರಾವ ಗಾಳಿಗೆ ಆರುತ್ತಿದ್ದಂತೆ ವೈರಸ್ಸಿನ ಶಕ್ತಿಯೂ ಉಡುಗುತ್ತದೆ. ಆತ ಹೇಳಿದ್ದರಲ್ಲಿ ಎಚ್‌ಐವಿಗೆ ದಾರಿಯೇ ಇರಲಿಲ್ಲ. ಮುಖಮೈಥುನವಾಗಿದ್ದರೂ ಅಪಾಯ ತೀರಾ ಕಡಿಮೆ. ಬಾಯಲ್ಲಿ ಹುಣ್ಣು, ಒಸಡಿನಲ್ಲಿ ರಕ್ತ ಇದ್ದರೆ ತುಸು ಹೆಚ್ಚು.

ಹಾಗಾದರೆ ಅಪಾಯ ಎಷ್ಟಿರುತ್ತದೆ? ಚಿಕಿತ್ಸೆ ಪಡೆಯದ ಸೋಂಕಿತರೊಡನೆ ಕಾಂಡೋಮ್ ಇಲ್ಲದೆ ಯೋನಿ ಸಂಭೋಗವಾದರೆ 10,000 ಸಲಕ್ಕೆ ಗಂಡಿಗೆ ಸುಮಾರು 4 ಸಲ, ಹೆಣ್ಣಿಗೆ 8 ಸಲ ಸೋಂಕು ತಗುಲಬಹುದು. ಗುದಸಂಭೋಗದಲ್ಲಿ ಒಳಗೊಳ್ಳುವವರಿಗೆ ಸುಮಾರು 138. ಇದನ್ನು ಹೇಳಲು ನನಗೆ ಯಾವಾಗಲೂ ಹಿಂಜರಿಕೆ. ಹೆದರಿದವನು "ಆ ನಾಲ್ಕರಲ್ಲಿ ನಾನೂ ಒಬ್ಬನೇ?" ಅನ್ನುತ್ತಾನೆ, ಹೆದರದವನು ಕಾಂಡೋಮ್ ಬಿಸಾಡುತ್ತಾನೆ. ಇದು ಸರಾಸರಿ ಲೆಕ್ಕ ಅಷ್ಟೇ. ಸಂಗಾತಿಗೆ ಹೊಸದಾಗಿ ಸೋಂಕು ತಗುಲಿದ್ದರೆ, ಜನನಾಂಗದಲ್ಲಿ ಹುಣ್ಣಿದ್ದರೆ ಅಪಾಯ ಎಷ್ಟೋ ಪಟ್ಟು ಏರುತ್ತದೆ. ಸೋಂಕಿತರು ತಪ್ಪದೆ ವೈರಸ್ಸನ್ನು ಅಡಗಿಸುವ ಎಆರ್‌ಟಿ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದಿದ್ದರೆ ಸಂಭೋಗದಿಂದ ಹರಡುವುದೇ ಇಲ್ಲ.

ನಿಜವಾದ ಅಪಾಯ ನಡೆದುಹೋಗಿದ್ದರೆ ಯೋಚಿಸುತ್ತಾ ಕೂರಬೇಡಿ. 72 ಗಂಟೆಯೊಳಗೆ, ಆದಷ್ಟು ಬೇಗ, ತಡೆ ಔಷಧಿ ಶುರುವಾಗಬೇಕು. 28 ದಿನದ ಕೋರ್ಸು. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ತಡೆ ಔಷಧಿ ತೆಗೆದುಕೊಂಡಿಲ್ಲವಾದರೆ, ಲ್ಯಾಬಿನ ನಾಲ್ಕನೇ ತಲೆಮಾರಿನ ಟೆಸ್ಟು (ವೈರಸ್ಸಿನ ಅಂಶ, ಪ್ರತಿಕಾಯ ಎರಡನ್ನೂ ಹುಡುಕುವಂಥದು) 45 ದಿನಕ್ಕೆ, ಬೆರಳು ಚುಚ್ಚಿ ಮಾಡುವ ಟೆಸ್ಟು 90 ದಿನಕ್ಕೆ ನೆಗೆಟಿವ್ ಬಂದರೆ ಆ ಘಟನೆಯ ಲೆಕ್ಕ ಮುಗಿಯಿತು. ಸರ್ಕಾರಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಪರೀಕ್ಷೆ ಉಚಿತ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಗುಟ್ಟು ಕಾಯುವುದು ಅಲ್ಲಿನ ಸಿಬ್ಬಂದಿಯ ಹೊಣೆ.

ಇಷ್ಟೆಲ್ಲ ಹೇಳಿದ ಮೇಲೂ ಆತ ನಾಲಗೆ ಚಾಚಿ ಬಿಳಿ ಕಲೆ ತೋರಿಸಿದ. ಅದು ರೋಗದ ಲಕ್ಷಣವೆಂದು ಮೊಬೈಲಿನಲ್ಲಿ ಓದಿದ್ದನಂತೆ. ತೂಕ ಇಳಿದಿದೆ ಎಂದ. ನಿದ್ದೆ, ಊಟ ಬಿಟ್ಟವನ ತೂಕ ಇಳಿಯದೆ ಇನ್ನೇನು? ಮನಸ್ಸು ತನಗೆ ತಾನೇ ಶಿಕ್ಷೆ ಬೇಡುತ್ತಿರುವಾಗ ಲ್ಯಾಬಿನ ಚೀಟಿ ಏನು ಮಾಡೀತು? ನಮ್ಮ ವೈದ್ಯರದೂ ತಪ್ಪಿದೆ. ಕೇಳಿದಾಗಲೆಲ್ಲ ಟೆಸ್ಟು ಬರೆದುಕೊಟ್ಟು ಕಳಿಸುತ್ತೇವೆ.

ತಮಾಷೆಯೆಂದರೆ, ಆ ಐದು ರಿಪೋರ್ಟಿನಲ್ಲಿ ಒಂದರಲ್ಲೂ ಲೈಂಗಿಕ ರೋಗವಾದ ಸಿಫಿಲಿಸ್ ನೋಡಿರಲಿಲ್ಲ. ಅದು ತುಟಿಯ ಮೇಲಿನ ಹುಣ್ಣಿನಿಂದ, ಬರೀ ಮುತ್ತಿನಿಂದಲೂ ದಾಟಬಲ್ಲದು. ಗುಣಪಡಿಸಲು ಪೆನಿಸಿಲಿನ್ ಇದೆ. ಆರನೇ ಎಚ್‌ಐವಿ ಟೆಸ್ಟಿನ ಬದಲು ಸಿಫಿಲಿಸ್ ಪತ್ತೆಯ ರಕ್ತಪರೀಕ್ಷೆ ವಿಡಿಆರ್‌ಎಲ್ ಬರೆದೆ, ಆಪ್ತಸಮಾಲೋಚಕರ ಹತ್ತಿರ ಕಳಿಸಿದೆ.

ಎದ್ದು ನಿಂತವನು ಬಾಗಿಲ ಬಳಿ ತಡೆದು ಕೇಳಿದ: "ಮಗಳು ನನ್ನ ತಟ್ಟೇಲಿ ಉಣ್ಣೋಕ್ ಬರ್ತಾಳೆ ಸಾರ್. ಎಂಟು ತಿಂಗಳಿಂದ ದೂರ ಇಟ್ಟಿದೀನಿ."

"ನಿಮಗೆ ಎಚ್‌ಐವಿ ಇದ್ದಿದ್ರೂ ಒಂದೇ ತಟ್ಟೇಲಿ ಉಣ್ಣಬಹುದಿತ್ತು," ಎಂದೆ.