ಅಸಿಸ್ಟೆಂಟ್ ಆಗಿ ಸೇರಿದರೆ ಮುಂದೆ ನರ್ಸ್ ಮಾಡ್ತಾರಾ?

ಪ್ರಶ್ನೆ: ಮೇಡಂ, ನನ್ನದು ಪಿಯುಸಿ ಸೈನ್ಸ್ ಮುಗಿದಿದೆ. ಈ ವರ್ಷ ಬಿಎಸ್ಸಿ ನರ್ಸಿಂಗ್ ಸೀಟು ಸಿಗಲಿಲ್ಲ. ಪೀಣ್ಯದ ಹತ್ತಿರ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೆಲಸ ಇದೆ. ಎರಡು ವರ್ಷ ಮಾಡಿದರೆ ಅವರೇ ಸ್ಟಾಫ್ ನರ್ಸ್ ಮಾಡುತ್ತಾರಂತೆ. ಸೇರಲಾ?

ಸೇರಿಕೊಳ್ಳಿ. ಆದರೆ ಅವರೇ ಸ್ಟಾಫ್ ನರ್ಸ್ ಮಾಡುತ್ತಾರೆ ಅನ್ನೋದು ಸುಳ್ಳು.

ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂದ ಮೇಲೆ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಕೊಡುತ್ತೇನೆ. ಆದರೂ ಆ ಮಾತು ಊರೆಲ್ಲ ಓಡಾಡುತ್ತಲೇ ಇದೆ. ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನರ್ಸ್ ಅನ್ನೋದು ಆಸ್ಪತ್ರೆಯವರು ಕೊಡುವ ಪ್ರಮೋಷನ್ ಅಲ್ಲ. ಅದಕ್ಕೆ ರಿಜಿಸ್ಟ್ರೇಷನ್ ಬೇಕು. ನಮ್ಮಲ್ಲಿ ಅದನ್ನು ಕೊಡುವುದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದಿ ಪಾಸಾಗಿದ್ದೀರಾ ಅಂತ ಅವರು ಕೇಳುತ್ತಾರೆ. ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ ಕೋರ್ಸ್) 2 ವರ್ಷ, ಜಿಎನ್‌ಎಂ (ಜನರಲ್ ನರ್ಸಿಂಗ್ ಡಿಪ್ಲೊಮಾ) 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಸ್ಟಾಫ್ ನರ್ಸ್ ಆಗಬೇಕಾದರೆ ಜಿಎನ್‌ಎಂ ಇಲ್ಲವೇ ಬಿಎಸ್ಸಿ ಬೇಕೇ ಬೇಕು. ನೀವು ಹತ್ತು ವರ್ಷ ವಾರ್ಡಿನಲ್ಲಿ ದುಡಿದಿದ್ದರೂ ಈ ಓದಿನಲ್ಲಿ ಒಂದು ದಿನವೂ ಕಮ್ಮಿ ಆಗುವುದಿಲ್ಲ. "ನಿಮಗೆ ಅನುಭವ ಇದೆ, ಸೀದಾ ಜಿಎನ್‌ಎಂ ಎರಡನೇ ವರ್ಷಕ್ಕೆ ಹಾಕಿಸ್ತೀವಿ" ಅಂತ ಯಾರಾದರೂ ಬಂದರೆ ಒಂದು ರೂಪಾಯಿಯೂ ಕೊಡಬೇಡಿ. ಅಂಥ ದಾರಿಯೇ ಇಲ್ಲ.

ತಕ್ಷಣ ಇನ್ನೊಂದು ಮಾತು ಬರುತ್ತದೆ. "ನಮ್ಮ ಪಕ್ಕದ ಮನೆ ಅಕ್ಕ ಅಸಿಸ್ಟೆಂಟ್ ಆಗಿ ಸೇರಿದ್ದು, ಈಗ ಡ್ರಿಪ್ ಹಾಕ್ತಾರೆ, ಇಂಜೆಕ್ಷನ್ ಕೊಡ್ತಾರೆ." ಕೊಡುತ್ತಿರಬಹುದು. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಇಂಥದ್ದು ನಡೆಯುತ್ತದೆ. ಆ ಅಕ್ಕನಿಗೆ ನರ್ಸ್ ಸಂಬಳ ಬರುತ್ತಾ ಕೇಳಿ ನೋಡಿ. ನರ್ಸ್ ಕೆಲಸ ಮಾಡಿಸಿಕೊಂಡು ಅಸಿಸ್ಟೆಂಟ್ ಸಂಬಳ ಕೊಡುವುದಕ್ಕೆ ಬೆಳವಣಿಗೆ ಅಂತ ಹೆಸರಿಡಬೇಡಿ. ಪೇಷೆಂಟಿಗೆ ಹೆಚ್ಚುಕಮ್ಮಿ ಆದ ದಿನ "ನಿಮ್ಮ ರಿಜಿಸ್ಟ್ರೇಷನ್ ಎಲ್ಲಿ" ಅಂತ ಕೇಳುತ್ತಾರೆ. ಆಗ ಆಕೆಯ ಬೆನ್ನಿಗೆ ನಿಲ್ಲುವವರು ಯಾರು?

ಮಹಡಿ ಮೇಲೆ ಬೋರ್ಡ್ ಹಾಕಿಕೊಂಡು "ಒಂದೇ ವರ್ಷದಲ್ಲಿ ನರ್ಸಿಂಗ್ ಡಿಪ್ಲೊಮಾ" ಕೊಡುವವರ ವಿಷಯವೂ ಇಷ್ಟೇ. ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ಜಿಡಿಎ ಕೋರ್ಸ್ ಬೇರೆ. ಅದು ಅಸಿಸ್ಟೆಂಟ್ ಕೆಲಸಕ್ಕೆಂದೇ ಇರುವ ತರಬೇತಿ, ಆ ಕೆಲಸಕ್ಕೆ ಒಳ್ಳೆಯದೇ. ಅಡ್ಮಿಷನ್ ಮಾಡಿಸುವ ಮುಂಚೆ ಒಂದೇ ಪ್ರಶ್ನೆ ಹಾಕಿ: "ಇದು ಮುಗಿದ ಮೇಲೆ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಆಗುತ್ತಾ? ಬರೆದು ಕೊಡ್ತೀರಾ?"

ಈ ಗೊಂದಲಕ್ಕೆ ಮೊಬೈಲ್ ವಿಡಿಯೋಗಳೂ ಕಾರಣ. ಅಮೆರಿಕದಲ್ಲಿ ಸಿಎನ್‌ಎ, ಅಂದರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ಅಂತ ಇದ್ದಾರೆ. ಅಲ್ಲಿನ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಅವರಿಗೆ ಕನಿಷ್ಠ 75 ಗಂಟೆ ತರಬೇತಿ, ಆಮೇಲೆ ಪರೀಕ್ಷೆ. ಅಲ್ಲಿನ ಕೆಲವು ನರ್ಸಿಂಗ್ ಕಾಲೇಜುಗಳು ಸೇರುವ ಮುಂಚೆಯೇ ಆ ಸರ್ಟಿಫಿಕೇಟ್ ಕೇಳುತ್ತವೆ. ಅದನ್ನು ನೋಡಿ ನಮ್ಮ ಮಕ್ಕಳು ಇಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ಅಲ್ಲೂ ಸಿಎನ್‌ಎ ತಾನಾಗಿ ನರ್ಸ್ ಆಗುವುದಿಲ್ಲ, ಓದಿ ಲೈಸೆನ್ಸ್ ಪರೀಕ್ಷೆ ಬರೆಯಲೇಬೇಕು.

ಹಾಗಾದರೆ ಸೇರಿ ಅಂತ ಯಾಕೆ ಹೇಳಿದೆ? ಕೈ ಪಳಗುತ್ತದೆ ಅಂತ. ಅಸಿಸ್ಟೆಂಟ್ ಆಗಿದ್ದು ಬಂದ ಹುಡುಗಿಯರನ್ನು ನಮ್ಮ ನರ್ಸಿಂಗ್ ಕ್ಲಾಸಿನಲ್ಲಿ ಗುರುತು ಹಿಡಿಯುವುದು ಸುಲಭ. ಏಳಲಾಗದ ಪೇಷೆಂಟನ್ನು ಒಂದು ಮಗ್ಗುಲಿಗೆ ತಿರುಗಿಸಿ, ಹಳೇ ಬೆಡ್‌ಶೀಟನ್ನು ಬೆನ್ನಿನ ಕೆಳಗೆ ಸುತ್ತಿಟ್ಟು, ಹೊಸದನ್ನು ಅರ್ಧ ಹಾಸಿ, ಆಮೇಲೆ ಈ ಕಡೆ ತಿರುಗಿಸಿ ಪೂರ್ತಿ ಎಳೆಯುತ್ತಾರೆ. ಹಾಗೆ ತಿರುಗಿಸುವಾಗ ಸೊಂಟದ ಹತ್ತಿರ ಚರ್ಮ ಕೆಂಪಾಗಿದೆಯಾ ಅಂತ ಕಣ್ಣು ತಾನಾಗಿ ಹೋಗುತ್ತದೆ. ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಹೆಚ್ಚಾಗಿ ಶುರುವಾಗುವುದು ಅಲ್ಲೇ. ಉಸಿರು ಎಣಿಸುವಾಗ ಪೇಷೆಂಟಿಗೆ ಹೇಳುವುದಿಲ್ಲ, ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದೇ ಇರುತ್ತಾರೆ. ಎಣಿಸ್ತಿದ್ದಾರೆ ಅಂತ ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದಲ್ವಾ? ಇಂಥ ಮಕ್ಕಳಿಗೆ ಪಾಠ ಮಾಡುವುದೇ ಒಂದು ಖುಷಿ.

ಸೇರುವ ದಿನವೇ ಹೆಪಟೈಟಿಸ್ ಬಿ ಲಸಿಕೆ ಕೇಳಿ. ಮೂರು ಡೋಸ್, ಮುಗಿಯಲು ಆರು ತಿಂಗಳು. ಮುಂದಿನ ವರ್ಷದ ಸಿಇಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿ ಕರೆಯುವ ದಿನದ ಮೇಲೆ ಕಣ್ಣಿಡಿ. ನೈಟ್ ಡ್ಯೂಟಿ ಸುಸ್ತಿನಲ್ಲಿ ಕೊನೆ ದಿನಾಂಕ ದಾಟಿಸಿಕೊಂಡವರು ಜಾಸ್ತಿ. ಬಿಎಸ್ಸಿ ಸೀಟು ಮತ್ತೆ ತಪ್ಪಿದರೆ ಜಿಎನ್‌ಎಂ ಮಾಡಿ, ರಿಜಿಸ್ಟ್ರೇಷನ್ ಆದ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಬಹುದು.

ಇಷ್ಟು ಹೇಳಿದ ಮೇಲೆ ನೀವು ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮನೆಯಲ್ಲಿ ವಯಸ್ಸಾದವರು ಇರುವ ಎಲ್ಲರಿಗೂ ಬೇಕಾದ ವಿಷಯ. ಏಜೆನ್ಸಿಯಿಂದ ಬರುವ "ಹೋಮ್ ನರ್ಸ್" ಬಹಳ ಸಲ ನರ್ಸ್ ಆಗಿರುವುದಿಲ್ಲ. ಅಜ್ಜಿಗೆ ಸ್ನಾನ, ಊಟ, ಮಗ್ಗುಲು ಬದಲಿಸುವುದು, ಕೈ ಹಿಡಿದು ನಡೆಸುವುದು, ಇಷ್ಟಕ್ಕೆ ತರಬೇತಾದ ಅಸಿಸ್ಟೆಂಟ್ ಸಾಕು. ಇಂಜೆಕ್ಷನ್, ಕ್ಯಾಥೆಟರ್ (ಮೂತ್ರದ ಟ್ಯೂಬ್) ಬದಲಿಸುವುದು, ಮೂಗಿನಲ್ಲಿ ಟ್ಯೂಬ್ ಹಾಕುವುದು ಇದ್ದರೆ ರಿಜಿಸ್ಟ್ರೇಷನ್ ನಂಬರ್ ಕೇಳಿ ಪಡೆದುಕೊಳ್ಳಿ. ಮನೆಗೆ ಬಂದ ಹುಡುಗಿಯ ಹತ್ತಿರ ಅಲ್ಲ, ಏಜೆನ್ಸಿಯವರ ಹತ್ತಿರ ಕೇಳಿ, ಅವಳು ಬರುವ ಮುಂಚೆಯೇ.