ಕೆಮ್ಮು ಬಿಡದ ಹುಡುಗರನ್ನು ಹಿಂದೆ ಊರು ಬಿಡಿಸುತ್ತಿದ್ದದ್ದು ಯಾಕೆ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಜ್ವರ ಬಿಟ್ಟು ಮೂರು ವಾರ ಆಯಿತು, ಕೆಮ್ಮು ಮಾತ್ರ ಹೋಗಿಲ್ಲ. ನಮ್ಮತ್ತೆ, "ನಮ್ಮ ಕಾಲದಲ್ಲಾಗಿದ್ರೆ ಮದನಪಲ್ಲಿಗೆ ಕಳಿಸಿಬಿಡ್ತಿದ್ರು" ಅಂತಾರೆ. ಹಿಂದಿನ ಡಾಕ್ಟರುಗಳು ಕೆಮ್ಮಿಗೆ ಊರು ಬಿಡಿ, ಗಾಳಿ ಬದಲಾಯಿಸಿ ಅಂತ ಯಾಕೆ ಹೇಳ್ತಿದ್ರು? ಅದರಿಂದ ನಿಜವಾಗಲೂ ವಾಸಿ ಆಗ್ತಿತ್ತಾ?

ಉತ್ತರ: ಮೊದಲು ನಿಮ್ಮ ಮಗನ ವಿಷಯ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಗಾಬರಿ ಬೇಡ. ಜ್ವರ ಬಿಟ್ಟ ಮೇಲೂ ಕೆಮ್ಮು ವಾರಗಟ್ಟಲೆ ಉಳಿಯುವುದುಂಟು, ಅಲರ್ಜಿಯೋ ಆಸ್ತಮಾವೋ ಇರಬಹುದು. ಆದರೆ ಯಾವುದು ಅನ್ನುವುದು ಪರೀಕ್ಷೆಯಿಂದ ಗೊತ್ತಾಗಲಿ, ಊಹೆಯಿಂದ ಬೇಡ. ಸಂಜೆ ಹೊತ್ತು ಮೈ ಬಿಸಿಯಾಗುವುದು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ನಾಳೆಗೆ ಮುಂದೂಡಬೇಡಿ.

ಇನ್ನು ನಿಮ್ಮತ್ತೆಯವರ ಮಾತು. ಮದನಪಲ್ಲಿ ಅಂದರೆ ಅಲ್ಲಿನ ಕ್ಷಯದ ಆಸ್ಪತ್ರೆ. ಆ ಮಾತಿನ ಹಿಂದಿರುವ ಹೆದರಿಕೆ ಸುಳ್ಳಲ್ಲ. ಹರೆಯದವರ ಬಿಡದ ಕೆಮ್ಮು ಅಂದರೆ ಆಗ ಮನೆಯವರ ಮನಸ್ಸಿಗೆ ಮೊದಲು ಬರುತ್ತಿದ್ದ ಹೆಸರು ಕ್ಷಯ, ಅಂದರೆ ಟಿಬಿ. ಊರು ಬಿಡಿಸುವ ಸಲಹೆ ಹುಟ್ಟಿದ್ದು ಮಾತ್ರ ನಮ್ಮಲ್ಲಲ್ಲ, ಯುರೋಪಿನಲ್ಲಿ. ಅದನ್ನು ತಿಳಿಯಲು ಇಂಗ್ಲೆಂಡಿನ ಒಂದು ಮನೆಯ ಕಥೆ ಸಾಕು.

ಟಾಮ್ ಕೀಟ್ಸ್ ಅನ್ನುವ ಹುಡುಗನಿಗೆ ಕೆಮ್ಮು ಬಿಡಲಿಲ್ಲ. ಚಳಿ ಕಡಿಮೆ ಇರುವ ಡೆವನ್ ಕಡಲತೀರಕ್ಕೆ ಕರೆದೊಯ್ದರು. ಗುಣವಾಗಲಿಲ್ಲ. 1818ರ ಡಿಸೆಂಬರ್ 1ರಂದು ತೀರಿಕೊಂಡಾಗ ಅವನಿಗೆ ಬರೀ 19. ಹತ್ತಿರ ಕೂತು ಆರೈಕೆ ಮಾಡಿದವನು ಅಣ್ಣ, ಕವಿ ಜಾನ್ ಕೀಟ್ಸ್. ಅವನು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯ ಕಲಿತವನು. 1820ರ ಫೆಬ್ರವರಿ 3ರ ರಾತ್ರಿ ಅವನೂ ಕೆಮ್ಮಿದಾಗ ಹಾಸಿಗೆಯ ಮೇಲೆ ರಕ್ತ ಬಿತ್ತು. ಗೆಳೆಯನಿಂದ ಮೇಣದ ಬತ್ತಿ ತರಿಸಿಕೊಂಡು ರಕ್ತದ ಬಣ್ಣ ನೋಡಿದ. ಇದು ನನ್ನ ಸಾವಿನ ಆಜ್ಞೆ ಅಂದನಂತೆ.

ಅವನಿಗೆ ಡಾಕ್ಟರುಗಳು ಮಾಡಿದ್ದೇನು? ಕೈಯಿಂದ ಇನ್ನಷ್ಟು ರಕ್ತ ತೆಗೆದರು. ಶ್ವಾಸಕೋಶದಲ್ಲಿ ಉರಿಯೂತ ಜಾಸ್ತಿಯಾಗಿದೆ, ರಕ್ತ ಕಡಿಮೆ ಮಾಡಿದರೆ ಅದು ಇಳಿಯುತ್ತದೆ ಅನ್ನುವುದು ಆಗಿನ ನಂಬಿಕೆ. ಊಟವನ್ನೂ ಅದೇ ಕಾರಣಕ್ಕೆ ಕಡಿಮೆ ಮಾಡಿಸುತ್ತಿದ್ದರು. ಆಮೇಲೆ ಬಂದದ್ದು ಹೆಸರಾದ ಆ ಸಲಹೆ: ಇಂಗ್ಲೆಂಡಿನ ಚಳಿಗಾಲ ತಡೆಯಲಾರೆ, ಇಟಲಿಗೆ ಹೋಗು. ಸೆಪ್ಟೆಂಬರಿನಲ್ಲಿ ಹಡಗು ಹತ್ತಿದ. ರೋಮ್ ತಲುಪಿದ ಮೇಲೆ ಡಾಕ್ಟರ್ ಜೇಮ್ಸ್ ಕ್ಲಾರ್ಕ್, ತೊಂದರೆ ಹೊಟ್ಟೆಯಲ್ಲೇ ಹೆಚ್ಚು ಅಂದುಕೊಂಡು ಪಥ್ಯ ಬಿಗಿ ಮಾಡಿದ. ದಿನಕ್ಕೆ ಒಂದು ಸಣ್ಣ ಮೀನು, ಒಂದು ತುಂಡು ಬ್ರೆಡ್. ರಕ್ತವನ್ನೂ ಮತ್ತೆ ತೆಗೆದರು. ಹಸಿವು ಅಂತ ಆ ಹುಡುಗ ಬೇಡಿಕೊಳ್ಳುತ್ತಿದ್ದ. 1821ರ ಫೆಬ್ರವರಿ 23ರಂದು ಹೋದ. ವಯಸ್ಸು 25. ದೇಹ ಕೊಯ್ದು ನೋಡಿದಾಗ ಶ್ವಾಸಕೋಶ ಪೂರ್ತಿ ಹಾಳಾಗಿತ್ತು.

ಕ್ಲಾರ್ಕ್ ಕೆಟ್ಟ ಮನುಷ್ಯನಲ್ಲ, ಕಾಳಜಿಯಿಂದಲೇ ನೋಡಿಕೊಂಡ. ರೋಗಕ್ಕೆ ಕಾರಣ ಒಂದು ಜೀವಾಣು ಅಂತ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ತೋರಿಸಿಕೊಟ್ಟದ್ದು 1882ರಲ್ಲಿ. ಅಲ್ಲಿಯವರೆಗೆ ಡಾಕ್ಟರುಗಳ ಕಣ್ಣಿಗೆ ಕಾಣುತ್ತಿದ್ದದ್ದು ಚಳಿ, ಗಾಳಿ, ಊಟ, ಮೈಕಟ್ಟು. ಹಾಗಾಗಿ ಇವನ್ನೇ ಬದಲಾಯಿಸಲು ಹೇಳುತ್ತಿದ್ದರು. ಆ ಸಲಹೆಗಳೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಅಮೆರಿಕದ ಎಡ್ವರ್ಡ್ ಟ್ರೂಡೊಗೆ ಇನ್ನೂ ಇಪ್ಪತ್ತು ತುಂಬದಿದ್ದಾಗ, 1865ರಲ್ಲಿ, ಅಣ್ಣನಿಗೆ ಕ್ಷಯ ಬಂತು. ಕಿಟಕಿ ತೆಗೆಯಬೇಡ, ಕೆಮ್ಮು ಜಾಸ್ತಿಯಾಗುತ್ತದೆ ಅಂತ ಡಾಕ್ಟರು ಹೇಳಿದರು. ಮುಚ್ಚಿದ ಕೋಣೆಯಲ್ಲಿ ಹಗಲೂ ರಾತ್ರಿ ಅಣ್ಣನ ಜೊತೆಗಿದ್ದ. ಅಣ್ಣ ಉಳಿಯಲಿಲ್ಲ. ಕೆಲವು ವರ್ಷಕ್ಕೆ ಟ್ರೂಡೊಗೇ ಕ್ಷಯ ಕಾಣಿಸಿಕೊಂಡಿತು. ಮುಂದೆ ಇದೇ ಟ್ರೂಡೊ, ಸಾರಾನಾಕ್ ಲೇಕ್ ಅನ್ನುವ ಬೆಟ್ಟದ ಊರಿನಲ್ಲಿ ರೋಗಿಗಳನ್ನು ವರಾಂಡದಲ್ಲಿ ಮಲಗಿಸಿ, ಕಿಟಕಿಯನ್ನೆಲ್ಲ ತೆರೆಸಿದ ಡಾಕ್ಟರಾದ. ಈ ಕಥೆ ಓದಿದಾಗಲೆಲ್ಲ ಆ ಮುಚ್ಚಿದ ಕಿಟಕಿ ನನ್ನ ಕಣ್ಣ ಮುಂದೆ ಬರುತ್ತದೆ.

ತೆರೆದ ಗಾಳಿ, ವಿಶ್ರಾಂತಿ, ಹೊಟ್ಟೆ ತುಂಬ ಹಾಲು ಮೊಟ್ಟೆ. ಇದೇ ಸ್ಯಾನಿಟೋರಿಯಂ ಪದ್ಧತಿ. ಜರ್ಮನ್ ಡಾಕ್ಟರ್ ಬ್ರೆಮರ್ 1854ರಲ್ಲಿ ಬೆಟ್ಟದ ಊರೊಂದರಲ್ಲಿ ಶುರು ಮಾಡಿದ್ದು ನಮ್ಮ ಕಡೆಗೂ ಬಂತು. ಮದನಪಲ್ಲಿ ಹತ್ತಿರದ ಆರೋಗ್ಯವರಂ ಆಸ್ಪತ್ರೆ ಕಟ್ಟಿದ್ದು ಹೀಗೆ. ಅಲ್ಲಿನದು ಒಣ ಹವೆ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಬಂತು. ಮನೆಗಳಲ್ಲಿ ಕಾಡ್ ಮೀನಿನ ಎಣ್ಣೆ ಕುಡಿಸುವ ರೂಢಿಯೂ ಯುರೋಪಿನ ಆ ಕಾಲದ್ದೇ. ಅದರಲ್ಲಿ ಎ ಮತ್ತು ಡಿ ಜೀವಸತ್ವ ಇರುವುದರಿಂದ ಮೈಗೆ ಒಂದಿಷ್ಟು ಬಲ ಬರುತ್ತಿತ್ತು. ಕೆಮ್ಮಿನ ಔಷಧಿಗಳ ಕಥೆ ಬೇರೆ. ಬಹಳಷ್ಟರಲ್ಲಿ ಅಫೀಮು ಇರುತ್ತಿತ್ತು. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಹೆರಾಯಿನ್ನನ್ನೇ ಕೆಮ್ಮಿನ ಔಷಧಿ ಅಂತ ಮಾರಾಟಕ್ಕೆ ಬಿಟ್ಟಿತು. ಕೆಮ್ಮು ಅಡಗುತ್ತಿತ್ತು, ರೋಗ ಒಳಗೇ ಬೆಳೆಯುತ್ತಿತ್ತು.

ಹಾಗಾದರೆ ವಾಸಿ ಆಗ್ತಿತ್ತಾ? ಕೆಲವರಿಗೆ ಆಗುತ್ತಿತ್ತು, ಮೈಯೇ ರೋಗವನ್ನು ತಡೆದು ನಿಲ್ಲಿಸಿದಾಗ. ಇದಕ್ಕೆ ಲೆಕ್ಕವೂ ಇದೆ. 1948ರಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಅನ್ನುವ ಕ್ಷಯದ ಔಷಧಿಯ ಪರೀಕ್ಷೆಯ ಫಲಿತಾಂಶ ಬಂತು. ರೋಗಿಗಳೆಲ್ಲ 15ರಿಂದ 30 ವರ್ಷದವರು. ಔಷಧಿ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. 55 ಜನರಿಗೆ ವಿಶ್ರಾಂತಿಯ ಜೊತೆ ಔಷಧಿ, 52 ಜನರಿಗೆ ಹಳೆಯ ರೀತಿಯ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ 4 ಜನ ತೀರಿಕೊಂಡರು, ಬರೀ ವಿಶ್ರಾಂತಿಯವರಲ್ಲಿ 14 ಜನ. ಆದರೆ ಒಂದೇ ಔಷಧಿ ಕೊಟ್ಟರೆ ಜೀವಾಣು ಅದಕ್ಕೆ ಬಗ್ಗದಂತಾಗುತ್ತದೆ ಅನ್ನುವುದೂ ಅಲ್ಲೇ ಗೊತ್ತಾಯಿತು. ಈಗ ಟಿಬಿಗೆ ನಾಲ್ಕು ಔಷಧಿ ಸೇರಿಸಿ ಕೊಡುವುದು, ಮಧ್ಯದಲ್ಲಿ ಬಿಡಬೇಡಿ ಅಂತ ಅಷ್ಟು ಒತ್ತಿ ಹೇಳುವುದು ಇದಕ್ಕೇ.

ಔಷಧಿ ಇದ್ದ ಮೇಲೂ ಮದನಪಲ್ಲಿಗೆ ಹೋಗಲೇಬೇಕೇ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ಒಂದು ಪರೀಕ್ಷೆ ಶುರುವಾಯಿತು. 193 ರೋಗಿಗಳು, ಎಲ್ಲರೂ ಬಡವರು. ಎಲ್ಲರಿಗೂ ಟಿಬಿಯ ಒಂದೇ ಬಗೆಯ ಮಾತ್ರೆಗಳು, ಒಂದು ವರ್ಷ. ಅರ್ಧ ಜನ ಸ್ಯಾನಿಟೋರಿಯಂನಲ್ಲಿ: ಒಳ್ಳೆ ಊಟ, ಹಾಸಿಗೆ, ದಾದಿಯರು, ಗಾಳಿ ಬೆಳಕು. ಉಳಿದರ್ಧ ಜನ ತಮ್ಮ ಇಕ್ಕಟ್ಟಾದ ಮನೆಗಳಲ್ಲೇ ಇದ್ದರು. ಊಟ ಅಷ್ಟಕ್ಕಷ್ಟೆ, ಎಷ್ಟೋ ಜನಕ್ಕೆ ಕೆಲಸಕ್ಕೂ ಹೋಗಬೇಕಿತ್ತು. 1959ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಸಮ ಗುಣವಾಗಿದ್ದವು. ಎಲ್ಲರೂ ಹೆದರಿದ್ದ ಇನ್ನೊಂದು ಸಂಗತಿಯೂ ಆಗಲಿಲ್ಲ. ರೋಗಿ ಮನೆಯಲ್ಲೇ ಇದ್ದ ಅಂತ ಅವನ ಹೆಂಡತಿ ಮಕ್ಕಳಿಗೆ ರೋಗ ಹೆಚ್ಚಾಗಿ ಹರಡಲಿಲ್ಲ. ಮಾತ್ರೆ ಶುರುವಾದ ಮೇಲೆ ಅವನ ಕೆಮ್ಮಿನಿಂದ ಹರಡುವುದೇ ಬೇಗ ಕಡಿಮೆಯಾಗುತ್ತಿತ್ತು.

ನಿಮ್ಮತ್ತೆಯವರಿಗೆ ಇದನ್ನು ಓದಿ ಹೇಳಿ. ಪರೀಕ್ಷೆಯಲ್ಲಿ ಟಿಬಿ ಅಂತಲೇ ಬಂದರೂ ಮೊಮ್ಮಗ ಮನೆಯಲ್ಲೇ ಇದ್ದು ಗುಣವಾಗಬಹುದು. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಜೋರಾಗಿ ಉಸಿರೆಳೆದುಕೊಂಡು ಕೆಮ್ಮಿ ತೆಗೆದ ಕಫ ಪರೀಕ್ಷೆಗೆ ಒಳ್ಳೆಯದು. ಬರೀ ಎಂಜಲು ಸಾಲದು. ಡಬ್ಬಿಯನ್ನು ಆಸ್ಪತ್ರೆಯಲ್ಲೇ ಕೊಡುತ್ತಾರೆ.